ಒಂದೇ ಮಾತ್ರೆ, ಹತ್ತಾರು ಕಾರಣ

ಸಾಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ತಿಂಗಳ ಮೊದಲ ವಾರ ಕೌಂಟರ್ ಮೇಲೆ ಬಂದು ಬೀಳುವ ಖಾಲಿ ಸ್ಟ್ರಿಪ್‌ಗಳಲ್ಲಿ ಬೀಟಾ ಬ್ಲಾಕರ್ ಗುಂಪಿನವೇ ಜಾಸ್ತಿ. ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್, ಪ್ರೊಪ್ರನೊಲಾಲ್, ಕಾರ್ವೆಡಿಲಾಲ್. "ಇದೇ ಕೊಡಿ, ಒಂದು ತಿಂಗಳಿಗೆ" ಎನ್ನುತ್ತಾರೆ. ಕೊಡುವ ಮೊದಲು "ಇದು ಯಾತಕ್ಕೆ ತಗೊಳ್ತಿದ್ದೀರಿ?" ಎಂದು ಕೇಳುವುದು ನನ್ನ ಅಭ್ಯಾಸ. ಬಹಳ ಜನರದ್ದು ಒಂದೇ ಉತ್ತರ: "ಬಿಪಿಗೆ."

ಹಾಗೆ ಹೇಳಿದ ಎಷ್ಟೋ ಜನಕ್ಕೆ ಬಿಪಿ ಇರುವುದೇ ಇಲ್ಲ. ಚೀಟಿ ನೋಡಿದರೆ ಒಬ್ಬರಿಗೆ ಸ್ಟೆಂಟ್ ಹಾಕಿದೆ. ಇನ್ನೊಬ್ಬರ ಹೃದಯದ ಪಂಪಿಂಗ್ ಕಡಿಮೆಯಾಗಿದೆ. ಮತ್ತೊಬ್ಬರಿಗೆ ಎದೆಬಡಿತ ತಾಳ ತಪ್ಪುತ್ತದೆ. ಮೂಲೆಯಲ್ಲಿ ನಿಂತ ಹುಡುಗಿಗೆ ಮೈಗ್ರೇನ್. ಇವರೆಲ್ಲರಿಗೂ ಇದೇ ಗುಂಪಿನ ಮಾತ್ರೆ. ಎಷ್ಟು ಎಂಜಿ, ಎಷ್ಟು ವರ್ಷ, ನಿಲ್ಲಿಸಬಹುದೋ ಇಲ್ಲವೋ, ಯಾವ ತೊಂದರೆಗೆ ಹೆದರಬೇಕು, ಯಾವುದನ್ನು ಸಹಿಸಬೇಕು? ಎಲ್ಲವೂ ಆ ಕಾರಣದ ಮೇಲೆ ನಿಂತಿದೆ. ಕಾರಣ ಗೊತ್ತಿಲ್ಲದೆ ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಅದು ಮಾಡುವ ಕೆಲಸ ಏನು ಅಂತ ನೋಡೋಣ. ಹಾವು ಕಂಡಾಗ, ಯಾರೋ ಗದರಿದಾಗ, ಗುಡ್ಡ ಹತ್ತುವಾಗ ಮೈಯಲ್ಲಿ ಅಡ್ರಿನಲಿನ್ ಮತ್ತು ಅದರ ಸೋದರ ರಸ ನಾರ್‌ಅಡ್ರಿನಲಿನ್ ಏರುತ್ತವೆ. ಹೃದಯದ ಕಣಗಳ ಮೇಲೆ ಇವು ಬಂದು ಕೂರುವ ಜಾಗಗಳಿವೆ. ಕೂತ ತಕ್ಷಣ ಬಡಿತ ಜೋರಾಗುತ್ತದೆ, ಒತ್ತಿ ಹಾಕುವ ಬಲ ಹೆಚ್ಚುತ್ತದೆ. ಬೀಟಾ ಬ್ಲಾಕರ್ ಮೊದಲೇ ಹೋಗಿ ಆ ಜಾಗ ಹಿಡಿದುಕೊಳ್ಳುತ್ತದೆ. ಅಡ್ರಿನಲಿನ್ ಬಂದರೂ ಕೂರಲು ಜಾಗ ಸಿಗುವುದಿಲ್ಲ. ಬಡಿತ ನಿಧಾನವಾಗುತ್ತದೆ, ಹೃದಯಕ್ಕೆ ಬೇಕಾಗುವ ಆಕ್ಸಿಜನ್ ಕಡಿಮೆಯಾಗುತ್ತದೆ, ಬಿಪಿ ಇಳಿಯುತ್ತದೆ. ಇಂಥ ಜಾಗಗಳು ಹೃದಯದಲ್ಲಿ ಮಾತ್ರ ಇಲ್ಲ. ಶ್ವಾಸಕೋಶದ ಕೊಳವೆಗಳಲ್ಲಿವೆ, ರಕ್ತನಾಳಗಳಲ್ಲಿವೆ, ಕೈಯ ಸ್ನಾಯುಗಳಲ್ಲಿವೆ, ಕಣ್ಣಿನೊಳಗೂ ಇವೆ. ಈ ಮಾತ್ರೆಯ ಅಷ್ಟೊಂದು ಉಪಯೋಗಕ್ಕೂ ಅಷ್ಟೊಂದು ತೊಂದರೆಗೂ ಇದೇ ಮೂಲ.

ಆ ಜಾಗಗಳು ಎರಡು ಥರ ಇವೆ ಎಂದು ಮೊದಲು ತೋರಿಸಿದವರು ಅಮೆರಿಕದ ಜಾರ್ಜಿಯಾದಲ್ಲಿದ್ದ ರೇಮಂಡ್ ಆಲ್‌ಕ್ವಿಸ್ಟ್, 1948ರಲ್ಲಿ. ಒಂದಕ್ಕೆ ಆಲ್ಫಾ, ಇನ್ನೊಂದಕ್ಕೆ ಬೀಟಾ ಎಂದು ಹೆಸರಿಟ್ಟರು. ಮೊದಲು ಕಳಿಸಿದ ಪತ್ರಿಕೆ ಅವರ ಲೇಖನವನ್ನು ತಿರಸ್ಕರಿಸಿತು. ಬೇರೆ ಪತ್ರಿಕೆಯಲ್ಲಿ ಅಚ್ಚಾಯಿತು, ಆದರೂ ಹೆಚ್ಚು ಜನ ಕಿವಿಗೊಡಲಿಲ್ಲ. ಕಿವಿಗೊಟ್ಟವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಗ್ಲಾಸ್ಗೋದ ಪಶುವೈದ್ಯ ಕಾಲೇಜಿನಲ್ಲಿ ಶರೀರಶಾಸ್ತ್ರ ವಿಭಾಗ ಕಟ್ಟಿದವರು ಅವರು. ಆ ಕಾಲದಲ್ಲಿ ಎದೆನೋವಿನ ರೋಗಿಗಳ ಹೃದಯಕ್ಕೆ ಹೆಚ್ಚು ರಕ್ತ ಹರಿಸುವುದು ಹೇಗೆ ಎಂದೇ ಎಲ್ಲರೂ ಯೋಚಿಸುತ್ತಿದ್ದರು. ಬ್ಲ್ಯಾಕ್ ಉಲ್ಟಾ ಯೋಚಿಸಿದರು. ಬಳಲಿದ ಎತ್ತಿಗೆ ಇನ್ನಷ್ಟು ಮೇವು ಹಾಕುವ ಬದಲು ಗಾಡಿಯ ಹೇರು ಇಳಿಸಿದರೆ ಹೇಗೆ? ಹೃದಯ ಬೇಡುವ ಆಕ್ಸಿಜನ್ನನ್ನೇ ಕಡಿಮೆ ಮಾಡಿದರೆ?

1958ರಲ್ಲಿ ಅವರು ಇಂಗ್ಲೆಂಡಿನ ಐಸಿಐ ಕಂಪನಿ ಸೇರಿದರು. ಅಲ್ಲಿ ತಯಾರಾದ ಮೊದಲ ಔಷಧಿ ಪ್ರೊನೆಥಲಾಲ್ ಇಲಿಗಳಲ್ಲಿ ಗಡ್ಡೆ ತಂದಿತು. ಅದನ್ನು ಬಿಟ್ಟು ಮುಂದೆ ಹೋದರು. ಅದರ ಹಿಂದೆಯೇ, 1960ರ ದಶಕದ ನಡುವೆ ಬಂದಿದ್ದು ಪ್ರೊಪ್ರನೊಲಾಲ್. ಅದು ಇವತ್ತಿಗೂ ನನ್ನ ಕಪಾಟಿನಲ್ಲಿದೆ. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಬಂತು, ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಜೊತೆ. ಹೊಟ್ಟೆಯ ಹುಣ್ಣಿಗೆ ಕೊಡುತ್ತಿದ್ದ ಸಿಮೆಟಿಡಿನ್ ಕೂಡ ಬ್ಲ್ಯಾಕ್ ಅವರದೇ ಯೋಚನೆಯ ಫಲ. ಔಷಧಿ ಮಾರಿ ಬದುಕುವ ನನ್ನಂಥವನಿಗೆ ಅವರ ಮೇಲೆ ದೊಡ್ಡ ಗೌರವ ಇದೆ.

ಹೃದಯದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕೈನಡುಕದ ಬಗ್ಗೆ, ಯಾಕೆಂದರೆ ಇದಕ್ಕೆ ಔಷಧಿ ಇದೆ ಅಂತ ನಮ್ಮ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ.

ಅಡಿಕೆ ವ್ಯಾಪಾರ ಮಾಡಿಕೊಂಡಿದ್ದ ಹಿರಿಯರೊಬ್ಬರು ನನ್ನ ಹಳೇ ಗಿರಾಕಿ. ಬ್ಯಾಂಕಿನಲ್ಲಿ ಅವರ ಚೆಕ್ ವಾಪಸ್ ಬರಲು ಶುರುವಾಯಿತು. ಸಹಿ ತಾಳೆಯಾಗುತ್ತಿರಲಿಲ್ಲ. ಕೈ ಸುಮ್ನೆ ತೊಡೆಯ ಮೇಲಿದ್ದಾಗ ಏನೂ ಇಲ್ಲ. ಪೆನ್ನು ಹಿಡಿದರೆ, ಲೋಟ ಎತ್ತಿದರೆ ನಡುಕ. ಮದುವೆ ಮನೆಯಲ್ಲಿ ಸಾರು ಸುರಿಯುವಾಗ ಚೆಲ್ಲುತ್ತದೆ ಎಂದು ಪಂಕ್ತಿಯಲ್ಲಿ ಕೂರುವುದನ್ನೇ ಬಿಟ್ಟಿದ್ದರು. "ವಯಸ್ಸಾಯ್ತು ಮಾರಾಯ, ನಮ್ಮಪ್ಪಂಗೂ ಹೀಗೇ ಇತ್ತು" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಅಪ್ಪನಿಗೂ ಇತ್ತು ಎಂದಿದ್ದೇ ಸುಳಿವು. ಎಸೆನ್ಶಿಯಲ್ ಟ್ರೆಮರ್ ಎನ್ನುವ ಈ ನಡುಕ ಎಷ್ಟೋ ಮನೆತನಗಳಲ್ಲಿ ಹರಿದುಬರುತ್ತದೆ. ಪಾರ್ಕಿನ್ಸನ್ ರೋಗದಲ್ಲಿ ಕೈ ಸುಮ್ನೆ ಇದ್ದಾಗಲೇ ನಡುಗುವುದು ಹೆಚ್ಚು. ಇದರಲ್ಲಿ ಕೆಲಸ ಮಾಡುವಾಗ ಹೆಚ್ಚು.

"ಮಾವ, ಒಂದ್ಸಲ ನರದ ಡಾಕ್ಟರಿಗೆ ತೋರಿಸಿ" ಎಂದೆ. ಶಿವಮೊಗ್ಗಕ್ಕೆ ಹೋಗಿ ತೋರಿಸಿಕೊಂಡು ಬಂದರು. ಇಸಿಜಿ ಮಾಡಿಸಿ, ಉಬ್ಬಸ ಇದೆಯಾ ಎಂದು ಕೇಳಿ, ಪ್ರೊಪ್ರನೊಲಾಲ್ ಸಣ್ಣ ಡೋಸಿನಲ್ಲಿ ಬರೆದಿದ್ದರು. ಡೋಸ್ ನಿಧಾನಕ್ಕೆ ಏರಿತು. ಕೆಲವು ವಾರ ಕಳೆದ ಮೇಲೆ ಅವರು ಅಂಗಡಿಗೆ ಬಂದು, ನನ್ನ ಬಿಲ್ ಪುಸ್ತಕದ ಹಿಂದೆ ತಮ್ಮ ಸಹಿ ಹಾಕಿ ತೋರಿಸಿದರು. ಅಕ್ಷರದ ಬಾಲ ಇನ್ನೂ ಸ್ವಲ್ಪ ಅಲುಗಿತ್ತು, ನಡುಕ ಪೂರ್ತಿ ಹೋಗಿರಲಿಲ್ಲ. ಆದರೆ ಓದಲು ಬರುವ ಸಹಿ. ಅವರ ಮುಖ ನೋಡಬೇಕಿತ್ತು ಆವತ್ತು. ಎಲ್ಲರಿಗೂ ಹೀಗೆ ಫಲ ಸಿಗುವುದಿಲ್ಲ. ಸಿಕ್ಕವರಿಗೆ ಅದು ಪಂಕ್ತಿಗೆ ವಾಪಸ್ ಬರುವ ದಾರಿ.

ಇದೇ ಗುಣಕ್ಕೆ ವೇದಿಕೆಯ ಮೇಲೂ ಬೇಡಿಕೆ ಇದೆ. ತಂತಿವಾದ್ಯ ನುಡಿಸುವವರಿಗೆ ಇದೇ ಗುಂಪಿನ ಆಕ್ಸ್‌ಪ್ರೆನೊಲಾಲ್ ಕೊಟ್ಟು ನೋಡಿದ ಒಂದು ಅಧ್ಯಯನ 1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ವೇದಿಕೆಯ ಅಳುಕು ಕಡಿಮೆಯಾಗಿ ನುಡಿಸಾಣಿಕೆ ಸುಧಾರಿಸಿತ್ತು. ಪಶ್ಚಿಮದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಇದನ್ನು ನುಂಗಿ ವೇದಿಕೆ ಹತ್ತುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬಿಲ್ಲುಗಾರಿಕೆ, ಶೂಟಿಂಗ್‌ನಂಥ ಆಟಗಳಲ್ಲಿ ಇದು ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜೊಂಗ್ ಸು ಪ್ರೊಪ್ರನೊಲಾಲ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ಪದಕ ಕಳೆದುಕೊಂಡರು.

ಈಗ ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬರುವ ಹುಡುಗರಿದ್ದಾರೆ. "ನಾಳೆ ಇಂಟರ್‌ವ್ಯೂ ಇದೆ ಅಣ್ಣ, ಆ ನಡುಕದ ಮಾತ್ರೆ ಎರಡು ಕೊಡಿ." ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರುವುದು ಸುಮ್ನೆ ಅಲ್ಲ. ಆದರೆ ಅವರನ್ನು ಬೈದು ಕಳಿಸುವುದೂ ಇಲ್ಲ. ಮಾತಾಡಲು ನಿಂತರೆ ಎದೆ ಹೊಡೆದುಕೊಂಡು, ಬಾಯಿ ಒಣಗಿ, ಕಲಿತದ್ದೆಲ್ಲ ಮರೆತುಹೋಗುವ ಸಂಕಟ ನಿಜವಾದದ್ದು. ಡಾಕ್ಟರು ನೋಡಿ ಬರೆದುಕೊಟ್ಟರೆ ಧಾರಾಳವಾಗಿ ತಗೊಳ್ಳಲಿ. ಒಂದು ಮಾತು ಮಾತ್ರ ಹೇಳುತ್ತೇನೆ: ಮಾತ್ರೆ ಮನಸ್ಸಿನ ಭಯವನ್ನು ಕೀಳುವುದಿಲ್ಲ, ಮೈ ಆ ಭಯವನ್ನು ತೋರಿಸುವುದನ್ನು ತಡೆಯುತ್ತದೆ. ಎದೆ ಹೊಡೆದುಕೊಳ್ಳದಿದ್ದರೆ ಮನಸ್ಸಿಗೂ ಧೈರ್ಯ ಬರುತ್ತದೆ, ಅಷ್ಟೇ. ಮೊದಲ ಸಲ ತಗೊಳ್ಳುವುದನ್ನು ಇಂಟರ್‌ವ್ಯೂ ದಿನವೇ ಮಾಡಬಾರದು. ಯಾರಿಗೆ ತಲೆ ತಿರುಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ.

ನನಗೆ ನಿಜವಾಗಿ ಹೆದರಿಕೆ ಆಗುವುದು ಉಬ್ಬಸದ ವಿಷಯದಲ್ಲಿ. ಮಲೆನಾಡಿನಲ್ಲಿ ಜೂನ್ ಬಂತೆಂದರೆ ಇನ್ಹೇಲರ್ ವ್ಯಾಪಾರ ಏರುತ್ತದೆ. ಹಾಗೇ ಒಂದು ಮಳೆಗಾಲದ ಶುರುವಿನಲ್ಲಿ ಒಬ್ಬರು ಮೈಗ್ರೇನ್‌ಗೆ ಬರೆಸಿಕೊಂಡು ಬಂದ ಚೀಟಿ ಕೊಟ್ಟರು. ಪ್ರೊಪ್ರನೊಲಾಲ್ ಇತ್ತು. ಕಟ್ಟಿಕೊಡುವಾಗ "ಹಾಗೇ ಒಂದು ಇನ್ಹೇಲರೂ ಕೊಡಿ" ಎಂದರು.

"ಅಕ್ಕಾ, ಇನ್ಹೇಲರ್ ಯಾರಿಗೆ?"

"ನಂಗೇ. ಮಳೆ ಹಿಡಿದ್ರೆ ಉಬ್ಬಸ ಶುರು ಆಗ್ತದೆ."

"ತಲೆನೋವಿನ ಡಾಕ್ಟರಿಗೆ ಹೇಳಿದ್ರಾ?"

"ಅವರು ತಲೆನೋವಿಂದೇ ಕೇಳಿದ್ರು. ಉಬ್ಬಸದ್ದು ಅವರಿಗೆ ಯಾಕೆ ಅಂತ ಹೇಳ್ಲಿಲ್ಲ."

ಇನ್ಹೇಲರ್‌ನಲ್ಲಿರುವ ಸಾಲ್‌ಬ್ಯುಟಮಾಲ್ ಶ್ವಾಸಕೊಳವೆಯ ಬೀಟಾ ಜಾಗಗಳಲ್ಲಿ ಕೂತು ಕೊಳವೆಯನ್ನು ತೆರೆಯುತ್ತದೆ. ಪ್ರೊಪ್ರನೊಲಾಲ್ ಅದೇ ಜಾಗ ಹಿಡಿದು ಕೊಳವೆ ಬಿಗಿಯಾಗುವಂತೆ ಮಾಡಬಹುದು. ಅಂದರೆ ಉಸಿರು ಕಟ್ಟಿದ ಹೊತ್ತಿನಲ್ಲಿ ಕೈಗೆ ಸಿಗುವ ಇನ್ಹೇಲರೂ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ನಾನು ಮಾತ್ರೆ ಕೊಡದೆ ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಡಾಕ್ಟರು ಒಂದು ಕ್ಷಣವೂ ವಾದಿಸಲಿಲ್ಲ. "ಹೌದಾ? ಕೊಡಬೇಡಿ, ವಾಪಸ್ ಕಳಿಸಿ" ಎಂದು ಬೇರೆ ಮಾತ್ರೆ ಬರೆದುಕೊಟ್ಟರು. ಮೆಟೊಪ್ರೊಲಾಲ್, ಬೈಸೊಪ್ರೊಲಾಲ್‌ನಂಥವು ಹೃದಯದ ಮೇಲೆ ಹೆಚ್ಚು, ಶ್ವಾಸಕೊಳವೆಯ ಮೇಲೆ ಕಡಿಮೆ ಕೆಲಸ ಮಾಡುತ್ತವೆ. ಹೃದಯಕ್ಕೆ ಬೇಕೇ ಬೇಕಾದಾಗ ಡಾಕ್ಟರು ಇವನ್ನು ಎಚ್ಚರದಿಂದ ಕೊಡುವುದುಂಟು. ಅದು ಅವರ ತೀರ್ಮಾನ. ಉಬ್ಬಸ ಇದೆ ಎಂದು ಬಾಯಿ ಬಿಟ್ಟು ಹೇಳುವುದು ನಮ್ಮ ಕೆಲಸ.

ಕಣ್ಣಿನ ಹನಿಯನ್ನು ಔಷಧಿ ಎಂದೇ ಲೆಕ್ಕಕ್ಕೆ ಹಿಡಿಯದವರು ತುಂಬಾ ಜನ. ಕಣ್ಣಿನೊಳಗಿನ ಒತ್ತಡ ಇಳಿಸಲು ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕೂಡ ಬೀಟಾ ಬ್ಲಾಕರ್. ಕಣ್ಣಿನಿಂದ ಮೂಗಿಗೆ ಇಳಿದು ರಕ್ತ ಸೇರಿ ಎದೆಬಡಿತ ಇಳಿಸಬಲ್ಲದು, ಉಬ್ಬಸ ಕೆರಳಿಸಬಲ್ಲದು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಒಳಗೆ ಇಳಿಯುವುದು ಕಡಿಮೆಯಾಗುತ್ತದೆ. ಬೇರೆ ಯಾವ ಮಾತ್ರೆ ತಗೊಳ್ತೀರಿ ಎಂದು ಯಾರಾದರೂ ಕೇಳಿದರೆ ಈ ಹನಿಯ ಹೆಸರನ್ನೂ ಹೇಳಿ.

ಶುಗರ್ ಇರುವವರಿಗೆ ಇನ್ನೊಂದು. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆಯಿಂದ ಶುಗರ್ ತೀರಾ ಇಳಿದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಅದು ಮೈ ಕೊಡುವ ಎಚ್ಚರಿಕೆ. ಬೀಟಾ ಬ್ಲಾಕರ್ ಈ ಎರಡನ್ನೂ ಮುಚ್ಚಿಹಾಕಬಹುದು. ಬೆವರು ಮಾತ್ರ ಬರುತ್ತದೆ. ಹಾಗಾಗಿ ಕಾರಣವಿಲ್ಲದೆ ತಣ್ಣನೆ ಬೆವರು ಬಂದರೆ ಮೊದಲು ಶುಗರ್ ನೋಡಿಕೊಳ್ಳಬೇಕು. ಮಿಷನ್ ಹತ್ತಿರ ಇಲ್ಲದಿದ್ದರೆ ಸಕ್ಕರೆ ನೀರು ಕುಡಿಯಬೇಕು. ಇದನ್ನು ಮನೆಯವರಿಗೂ ಹೇಳಿಡಬೇಕು.

ಇನ್ನು ಕೆಲವು ತೊಂದರೆಗಳು ಜೀವಕ್ಕೆ ಕುತ್ತಲ್ಲ, ಆದರೆ ದಿನದ ಬದುಕನ್ನು ಕಾಡುತ್ತವೆ. ಸುಸ್ತು, ಕೈಕಾಲು ತಣ್ಣಗಾಗುವುದು, ಮೆಟ್ಟಿಲು ಹತ್ತುವಾಗ ಮೊದಲಿನ ಹುರುಪು ಇಲ್ಲದಿರುವುದು. ಮೆದುಳಿಗೆ ಸುಲಭವಾಗಿ ಇಳಿಯುವ ಪ್ರೊಪ್ರನೊಲಾಲ್‌ನಂಥವು ಕೆಲವರಿಗೆ ಕೆಟ್ಟ ಕನಸು ತರುತ್ತವೆ. ಗಂಡಸರಲ್ಲಿ ಕೆಲವರಿಗೆ ಲೈಂಗಿಕ ತೊಂದರೆ ಆಗುತ್ತದೆ. ಅದನ್ನು ಹೇಳಿಕೊಳ್ಳಲು ನಾಚಿ ಮಾತ್ರೆಯನ್ನೇ ಗುಟ್ಟಾಗಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರು ಇದನ್ನು ದಿನಾ ಕೇಳುತ್ತಿರುತ್ತಾರೆ, ಮಾತ್ರೆ ಬದಲಿಸಲು ಅವರಿಗೆ ದಾರಿ ಇದೆ.

ಬರೀ ಬಿಪಿಗೆ ಎಂದು ತಗೊಳ್ಳುವವರ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ಅಟೆನೊಲಾಲ್ ಬಿಪಿಯ ಮೊದಲ ಮಾತ್ರೆಯಾಗಿತ್ತು. 2002ರ ಲೈಫ್ ಎಂಬ ದೊಡ್ಡ ಅಧ್ಯಯನದಲ್ಲಿ ಲೋಸಾರ್ಟಾನ್ ಎಂಬ ಬೇರೆ ಗುಂಪಿನ ಬಿಪಿ ಮಾತ್ರೆ ತಗೊಂಡವರಿಗೆ ಅಟೆನೊಲಾಲ್ ತಗೊಂಡವರಿಗಿಂತ ಪಾರ್ಶ್ವವಾಯು ಕಡಿಮೆ ಆಯಿತು. ಬ್ರಿಟನ್ 2006ರಲ್ಲಿ ತನ್ನ ಮಾರ್ಗಸೂಚಿಯ ಮೊದಲ ಸಾಲಿನಿಂದ ಬೀಟಾ ಬ್ಲಾಕರ್‌ಗಳನ್ನು ಕೆಳಗಿಳಿಸಿತು. ನಮ್ಮಲ್ಲಿ ಅಮ್ಲೋಡಿಪಿನ್ ಜೊತೆ ಅಟೆನೊಲಾಲ್ ಸೇರಿಸಿದ ಮಾತ್ರೆ ಈಗಲೂ ಜೋರಾಗಿ ಓಡುತ್ತದೆ. ಬೇರೆ ಹೃದಯದ ಕಾರಣ ಇಲ್ಲದೆ ಹಳೇ ಚೀಟಿಯಲ್ಲೇ ಅದನ್ನು ನುಂಗುತ್ತಿರುವವರು ಒಂದು ಸಲ ಹೋಗಿ ಕೇಳಲಿ. ಬಸುರಿಯಾಗುವ ಯೋಚನೆ ಇರುವವರಂತೂ ಕೇಳಲೇಬೇಕು. ಬಸುರಿನಲ್ಲಿ ಬಿಪಿ ಬಂದರೆ ಕೊಡುವ ಲ್ಯಾಬೆಟಲಾಲ್ ಇದೇ ಗುಂಪಿನದಾದರೂ ಅಟೆನೊಲಾಲ್ ಆ ಹೊತ್ತಿಗೆ ತಕ್ಕದ್ದಲ್ಲ.

ಹಸುಗೂಸುಗಳ ಮೈಮೇಲೆ ಕೆಂಪಗೆ ಉಬ್ಬುವ ರಕ್ತನಾಳದ ಗಡ್ಡೆಗೂ ಪ್ರೊಪ್ರನೊಲಾಲ್ ಕೊಡುತ್ತಾರೆ. ಫ್ರಾನ್ಸಿನ ಬೋರ್ಡೋದಲ್ಲಿ ಹೃದಯದ ತೊಂದರೆಗೆಂದು ಒಂದು ಮಗುವಿಗೆ ಕೊಟ್ಟಾಗ ಗಡ್ಡೆಯ ಬಣ್ಣ ಇಳಿದದ್ದನ್ನು ಡಾಕ್ಟರುಗಳು ಗಮನಿಸಿದರು. 2008ರಲ್ಲಿ ಅದನ್ನು ಪ್ರಕಟಿಸಿದರು. ಈಗ ಚಿಕಿತ್ಸೆ ಬೇಕಾದ ಗಡ್ಡೆಗಳಿಗೆ ಅದೇ ಮೊದಲ ಔಷಧಿ.

ಇನ್ನು ಹೃದಯದ ಮಾತು. ಪಂಪಿಂಗ್ ಕಡಿಮೆಯಾದ ಹೃದಯಕ್ಕೆ ಬೀಟಾ ಬ್ಲಾಕರ್ ಕೊಡಬಾರದು ಎಂದೇ ಬಹಳ ಕಾಲ ಕಲಿಸುತ್ತಿದ್ದರು. ಮೊದಲೇ ಸೋತ ಹೃದಯವನ್ನು ಇನ್ನೂ ನಿಧಾನ ಮಾಡುವುದೇ? ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಜೊತೆಗಾರರು ಏಳು ಜನ ರೋಗಿಗಳಿಗೆ ಕೊಟ್ಟು ಸುಧಾರಣೆ ಕಂಡು 1975ರಲ್ಲಿ ಬರೆದರು. ನಂಬಿದವರು ಕಡಿಮೆ. 1999ರಲ್ಲಿ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ಬಂತು, ಒಂದು ಬೈಸೊಪ್ರೊಲಾಲ್‌ನದು, ಇನ್ನೊಂದು ನಿಧಾನವಾಗಿ ಬಿಡುಗಡೆಯಾಗುವ ಮೆಟೊಪ್ರೊಲಾಲ್‌ನದು. ಎರಡರಲ್ಲೂ ಸಾವು ಶೇ 34ರಷ್ಟು ಕಡಿಮೆಯಾಗಿತ್ತು. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಎರಡನ್ನೂ ಅವಧಿಗೆ ಮೊದಲೇ ನಿಲ್ಲಿಸಿದರು. ಸೋತ ಹೃದಯದ ಮೇಲೆ ಅಡ್ರಿನಲಿನ್ ಹಗಲುರಾತ್ರಿ ಚಾಟಿ ಬೀಸುತ್ತಿರುತ್ತದೆ. ಆ ಏಟು ತಪ್ಪಿದರೆ ಹೃದಯ ತಿಂಗಳುಗಳಲ್ಲಿ ಚೇತರಿಸಿಕೊಳ್ಳಬಲ್ಲದು.

ಇದರಲ್ಲಿ ಒಂದು ಕಷ್ಟ ಇದೆ. ಶುರುವಿನ ವಾರಗಳಲ್ಲಿ ಸುಸ್ತು ಹೆಚ್ಚಾಗಬಹುದು. ಅದಕ್ಕೇ ತೀರಾ ಸಣ್ಣ ಡೋಸಿನಿಂದ ಶುರು ಮಾಡಿ, ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಏರಿಸುತ್ತಾರೆ. ಕಾರ್ವೆಡಿಲಾಲ್ ಆದರೆ 3.125 ಎಂಜಿಯಿಂದ ಶುರು. "ಇದು ತಗೊಂಡ ಮೇಲೇ ಸುಸ್ತು" ಎಂದು ನಡುವೆ ಬಿಟ್ಟರೆ ಲಾಭ ಸಿಗುವ ಹೊತ್ತಿಗೆ ಮಾತ್ರೆಯೇ ಇರುವುದಿಲ್ಲ. ಉಸಿರು ಕಟ್ಟಿದರೆ, ಕಾಲು ಊದಿದರೆ, ತೂಕ ದಿಢೀರ್ ಏರಿದರೆ ಡಾಕ್ಟರಿಗೆ ತಕ್ಷಣ ಹೇಳಬೇಕು. ಎಕ್ಸ್‌ಎಲ್ ಎಂದು ಬರೆದ ಮೆಟೊಪ್ರೊಲಾಲನ್ನು ಕುಟ್ಟಿ ಪುಡಿ ಮಾಡಿ ವಯಸ್ಸಾದವರಿಗೆ ಕುಡಿಸುವುದನ್ನು ನೋಡಿದ್ದೇನೆ. ಇಡೀ ದಿನಕ್ಕೆ ನಿಧಾನವಾಗಿ ಇಳಿಯಬೇಕಾದದ್ದು ಒಂದೇ ಸಲ ಇಳಿಯುತ್ತದೆ. ನಡುವೆ ಗೀಟು ಇದ್ದರೆ ಅರ್ಧ ಮಾಡಬಹುದು, ಕುಟ್ಟಬಾರದು, ಜಗಿಯಬಾರದು.

ಯಾವ ಕಾರಣಕ್ಕೇ ತಗೊಳ್ಳುತ್ತಿರಲಿ, ದಿನಾ ತಗೊಳ್ಳುವ ಬೀಟಾ ಬ್ಲಾಕರನ್ನು ಒಂದೇ ಏಟಿಗೆ ನಿಲ್ಲಿಸಬಾರದು. ಬಹಳ ದಿನ ಜಾಗ ಮುಚ್ಚಿದ್ದರಿಂದ ಹೃದಯ ಅಂಥ ಜಾಗಗಳನ್ನು ಹೆಚ್ಚು ಮಾಡಿಕೊಂಡಿರುತ್ತದೆ. ಮಾತ್ರೆ ದಿಢೀರ್ ಹೋದರೆ ಅಡ್ರಿನಲಿನ್ ಅಷ್ಟೂ ಜಾಗದಲ್ಲಿ ಬಂದು ಕೂರುತ್ತದೆ. ಬಡಿತ ಓಡುತ್ತದೆ, ಬಿಪಿ ಏರುತ್ತದೆ, ರಕ್ತನಾಳ ಕಟ್ಟಿಕೊಂಡಿದ್ದವರಿಗೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಊರಿಗೆ ಮದುವೆಗೆಂದು ಹೋದವರು, ಮಳೆಗೆ ಬಸ್ ಸಿಗದೆ ಕೂತವರು, ನಾಟಿ ಔಷಧಿ ಶುರು ಮಾಡಿ ಇದನ್ನು ಬಿಟ್ಟವರು, ಇವರೆಲ್ಲ ಆಮೇಲೆ ಬಂದು ನಾಲ್ಕು ದಿನದಿಂದ ಮಾತ್ರೆ ಇಲ್ಲ ಎನ್ನುವಾಗ ನನಗೆ ಜೀವ ಹೋದಂತಾಗುತ್ತದೆ. ಸ್ಟ್ರಿಪ್ಪಿನಲ್ಲಿ ಒಂದು ವಾರದ್ದು ಉಳಿದಿರುವಾಗಲೇ ಬನ್ನಿ. ಫೋನ್ ಮಾಡಿದರೆ ಬಸ್ಸಿನಲ್ಲಿ ಕಳಿಸಿಕೊಡುತ್ತೇನೆ.

ನಿಧಾನವಾಗಿ, ಡಾಕ್ಟರು ಹೇಳಿದಂತೆ ನಿಲ್ಲಿಸುವ ಪ್ರಶ್ನೆ ಬೇರೆ. ಅದು ಈಗ ಜೀವಂತವಾಗಿದೆ. ಹಾರ್ಟ್ ಅಟ್ಯಾಕ್ ಆದವರಿಗೆಲ್ಲ ಈ ಮಾತ್ರೆ ಕೊಡುವ ಪದ್ಧತಿ 1980ರ ದಶಕದ ಅಧ್ಯಯನಗಳಿಂದ ಬಂತು. ಆಗ ಈಗಿನಂತೆ ತಕ್ಷಣ ಆಂಜಿಯೋಪ್ಲಾಸ್ಟಿ ಮಾಡಿ ಕಟ್ಟಿದ ರಕ್ತನಾಳ ತೆರೆಯುವುದಾಗಲಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಎಲ್ಲರಿಗೂ ಕೊಡುವುದಾಗಲಿ ಇರಲಿಲ್ಲ. 2024ರಲ್ಲಿ ಸ್ವೀಡನ್ ಮುಂದಾಳಾಗಿ ನಡೆಸಿದ ರೆಡ್ಯೂಸ್-ಎಎಂಐ ಅಧ್ಯಯನದಲ್ಲಿ, ಅಟ್ಯಾಕ್ ಆದರೂ ಪಂಪಿಂಗ್ (ಒಂದೊಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಹೊರದೂಡುವ ಪಾಲು, ಎಕೋ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ) ಶೇ 50 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಸಾವು, ಮತ್ತೊಂದು ಅಟ್ಯಾಕ್ ಇವುಗಳಲ್ಲಿ ಲಾಭ ಕಾಣಲಿಲ್ಲ. 2025ರಲ್ಲಿ ಸ್ಪೇನ್ ಮತ್ತು ಇಟಲಿಯ ರೀಬೂಟ್ ಅಧ್ಯಯನವೂ ಪಂಪಿಂಗ್ ಶೇ 40ಕ್ಕಿಂತ ಹೆಚ್ಚಿದ್ದವರಲ್ಲಿ ಲಾಭ ಕಾಣಲಿಲ್ಲ. ಅದೇ ಹೊತ್ತಿಗೆ ನಾರ್ವೆ ಮತ್ತು ಡೆನ್ಮಾರ್ಕಿನ ಜಂಟಿ ಅಧ್ಯಯನ ಸ್ವಲ್ಪ ಲಾಭ ಇದೆ ಎಂದಿತು. ಡಾಕ್ಟರುಗಳ ನಡುವೆ ಚರ್ಚೆ ಮುಗಿದಿಲ್ಲ. ಪಂಪಿಂಗ್ ತೀರಾ ಕಡಿಮೆ ಇರುವವರಿಗೆ ಮಾತ್ರೆ ಬೇಕೇ ಬೇಕು ಎಂಬುದರಲ್ಲಿ ಯಾವ ಅನುಮಾನವೂ ಇಲ್ಲ.

ನನ್ನ ಗಿರಾಕಿಗಳಲ್ಲಿ ಇಬ್ಬರು ಸ್ನೇಹಿತರಿದ್ದಾರೆ, ಇಬ್ಬರೂ ರಿಟೈರ್ಡ್ ಮೇಷ್ಟ್ರು. ಇಬ್ಬರಿಗೂ ಅಟ್ಯಾಕ್ ಆಗಿತ್ತು, ಇಬ್ಬರಿಗೂ ಸ್ಟೆಂಟ್, ಇಬ್ಬರದೂ ಒಂದೇ ಕಂಪನಿಯ ಮೆಟೊಪ್ರೊಲಾಲ್. ಪೇಪರಿನಲ್ಲಿ ಈ ಸುದ್ದಿ ಓದಿ "ನಿಲ್ಸಿಬಿಡೋಣ್ವಾ?" ಎಂದು ಒಟ್ಟಿಗೇ ಬಂದರು. "ಮೇಷ್ಟ್ರೇ, ಇಬ್ಬರೂ ಹೊಸ ಎಕೋ ಮಾಡಿಸಿ, ರಿಪೋರ್ಟ್ ಹಿಡಿದು ಹಾರ್ಟ್ ಡಾಕ್ಟರ ಹತ್ರ ಹೋಗಿ. ಅಲ್ಲೀವರೆಗೆ ಒಂದು ಮಾತ್ರೆಯೂ ತಪ್ಪಿಸಬೇಡಿ" ಎಂದು ಹೇಳಿ ಎರಡು ಸ್ಟ್ರಿಪ್ ಕೊಟ್ಟೆ. ಒಬ್ಬರ ಪಂಪಿಂಗ್ 60 ಇತ್ತು, ಎದೆನೋವಿಲ್ಲ, ತಾಳ ತಪ್ಪುವುದಿಲ್ಲ, ಬಿಪಿ ಹಿಡಿತದಲ್ಲಿದೆ. ಡಾಕ್ಟರು 50ನ್ನು 25 ಮಾಡಿ, ಕೆಲವು ವಾರ ನೋಡಿ, ಆಮೇಲೆ ನಿಲ್ಲಿಸಿದರು. ಈಗ ಸಂಜೆ ನಡೆಯುವಾಗ ಕಾಲಿಗೆ ಶಕ್ತಿ ಬಂದಂತಿದೆ ಎನ್ನುತ್ತಾರೆ. ಇನ್ನೊಬ್ಬರ ಪಂಪಿಂಗ್ 35. ಅವರಿಗೆ ಡೋಸ್ ಏರಿಸಿ 100 ಮಾಡಿದ್ದಾರೆ. ಸ್ನೇಹಿತನದು ನಿಂತು ತನ್ನದು ಏರಿದ್ದು ಯಾಕೆ ಎಂದು ಅವರು ಕೇಳಿದರು. ಎಕೋ ರಿಪೋರ್ಟಿನಲ್ಲಿ ಆ ಅಂಕಿಯ ಕೆಳಗೆ ಗೆರೆ ಎಳೆದು ತೋರಿಸಿದೆ. ಸ್ಟ್ರಿಪ್ಪಿನ ಹಿಂದೆ ಮಾರ್ಕರಿನಲ್ಲಿ ದಪ್ಪಗೆ "ಪಂಪಿಂಗ್‌ಗೆ" ಎಂದು ಬರೆದುಕೊಟ್ಟೆ.